ಎಮ್ಮೆಗಳು ಕಲಿಸಿದ ಎಂಜಿನಿಯರಿಂಗ್

ಆತ್ಮವಿಶ್ವಾಸ ಓದಿನಿಂದ ಬರುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ನನ್ನ ಅನುಭವದಲ್ಲಿ ಅದು ಓದದೆ ಬಿಟ್ಟಿದ್ದರಿಂದಲೇ ಹೆಚ್ಚು ಬರುತ್ತದೆ. ಒಂದು ವಿಷಯವನ್ನು ಚೆನ್ನಾಗಿ ಓದಿಕೊಂಡವರನ್ನು ಏನಾದರೂ ಕೇಳಿ ನೋಡಿ, "ಹಾಗೂ ಇರಬಹುದು, ಹೀಗೂ ಇರಬಹುದು, ಮಣ್ಣು ನೋಡಬೇಕು, ಗಾಳಿ ನೋಡಬೇಕು" ಎಂದು ತಡವರಿಸುತ್ತಾರೆ. ನಾನು ಓದಿದ್ದು ವಾಣಿಜ್ಯ. ಹಾಗಾಗಿ ಸೇತುವೆ, ಗೋಪುರ, ಕಮಾನು, ಮಾಳಿಗೆ ಇವುಗಳ ಬಗ್ಗೆ ನನ್ನನ್ನು ಯಾರು ಕೇಳಿದರೂ ನಿಂತ ಕಾಲಲ್ಲಿ ಉತ್ತರ ಕೊಡಬಲ್ಲೆ. ಯಾರೂ ಕೇಳುವುದಿಲ್ಲ ಎಂಬುದು ಬೇರೆ ಮಾತು. ಆದರೆ ಕೇಳುವವರೆಗೆ ಕಾಯುತ್ತ ಕೂತರೆ ಜಗತ್ತಿನಲ್ಲಿ ಅರ್ಧದಷ್ಟು ಒಳ್ಳೆಯ ಸಲಹೆಗಳು ಸಲಹೆಗಾರರ ಹೊಟ್ಟೆಯಲ್ಲೇ ಉಳಿದುಹೋಗುತ್ತವೆ. ನಾನು ಆ ಪಾಪಕ್ಕೆ ಹೋಗುವುದಿಲ್ಲ.

ಈ ವಿದ್ಯೆ ನನಗೆ ಬಂದದ್ದು ಮೆಟ್ರೋ ರೈಲಿನಲ್ಲಿ. ನಮ್ಮ ಮನೆ ಮಿಯಾಪುರದಲ್ಲಿ, ನನ್ನ ಕಚೇರಿ ಉಪ್ಪಲ್‌ನಲ್ಲಿ. ಹೈದರಾಬಾದನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಅವರು "ಅಯ್ಯೋ ಪಾಪ" ಎನ್ನುತ್ತಾರೆ. ಅರಿಯದವರಿಗೆ ಹೇಳುವುದಾದರೆ, ಊರಿನ ಒಂದು ತುದಿಯಲ್ಲಿ ಮಲಗಿ ಇನ್ನೊಂದು ತುದಿಯಲ್ಲಿ ಏಳುವ ಬದುಕು ನನ್ನದು. ಒಂದೇ ಸಮಾಧಾನವೆಂದರೆ ಮಿಯಾಪುರ ಕೊನೆಯ ನಿಲ್ದಾಣವಾದ್ದರಿಂದ ನಮಗೆ ಸೀಟು ಸಿಗುತ್ತದೆ. ಕೂಕಟ್‌ಪಲ್ಲಿಯಲ್ಲಿ ಹತ್ತುವವರು ನಮ್ಮನ್ನು ನೋಡುವ ನೋಟದಲ್ಲಿ ಹುಟ್ಟಿನಿಂದಲೇ ಆಸ್ತಿವಂತರಾದವರನ್ನು ನೋಡುವ ಅಸೂಯೆ ಇರುತ್ತದೆ. ಸೀಟಿನಲ್ಲಿ ಕೂತ ಮೇಲೆ ಏನು ಮಾಡುವುದು? ನಾನು ಧಾರವಾಡದಲ್ಲಿ ಓದುತ್ತಿರುವ ಮಗಳಿಗೆ ಫೋನ್ ಮಾಡುತ್ತಿದ್ದೆ. ತಿಂಡಿ ತಿಂದೆಯಾ, ಏನು ತಿಂದೆ, ಯಾಕೆ ಅಷ್ಟೇ ತಿಂದೆ ಎಂದು ವಿಚಾರಿಸುತ್ತ ಅಮೀರ್‌ಪೇಟೆ ತಲುಪುತ್ತಿದ್ದೆ. ಅಲ್ಲಿ ರೈಲು ಬದಲಿಸಿ, ಮತ್ತೆ ಫೋನ್ ಮಾಡಿ, ಮಧ್ಯಾಹ್ನ ಏನು ತಿನ್ನುತ್ತೀ ಎಂದು ಕೇಳುತ್ತ ಉಪ್ಪಲ್ ಮುಟ್ಟುತ್ತಿದ್ದೆ. ಮಗಳು ರಜೆಗೆ ಬಂದಾಗ ನನ್ನ ಫೋನು ಇಸಿದುಕೊಂಡು ಅದರಲ್ಲಿ ಒಂದು ಆಟ ಹಾಕಿದಳು. "ಅವ್ವಾ, ಇದು ಭಾಳ ಛಲೋ ಆಟ ಐತಿ. ರೈಲಿನ್ಯಾಗ ಆಡು. ಕ್ಲಾಸಿನ್ಯಾಗ ಇದ್ದಾಗ ನನಗ ಫೋನ್ ಮಾಡಬ್ಯಾಡ" ಎಂದಳು. ಮಕ್ಕಳ ಪ್ರೀತಿ ಹೀಗೇ ಇರುತ್ತದೆ, ಒಳಗೊಂದು ಷರತ್ತು ಇಟ್ಟುಕೊಂಡೇ ಬರುತ್ತದೆ.

ಆಟ ಸರಳ. ಒಂದು ಹೊಳೆ. ಈ ದಂಡೆಯ ಮೇಲೆ ಎಮ್ಮೆಗಳ ಸಾಲು, ಆ ದಂಡೆಯ ಮೇಲೆ ಹಸಿರು ಹುಲ್ಲು. ನಮಗೆ ಒಂದಷ್ಟು ಬಿದಿರು ಗಳ, ಒಂದಷ್ಟು ಹಗ್ಗ ಕೊಟ್ಟಿರುತ್ತಾರೆ. ಬೆರಳಿನಿಂದ ಎಳೆದೆಳೆದು ಸೇತುವೆ ಕಟ್ಟಬೇಕು. ಕಟ್ಟಿ ಮುಗಿಸಿ ಒಂದು ಗುಂಡಿ ಒತ್ತಿದರೆ ಎಮ್ಮೆಗಳು ಹೊರಡುತ್ತವೆ. ಅಲ್ಲಿಂದ ಮುಂದೆ ನಮ್ಮ ಕೈಯಲ್ಲಿ ಏನೂ ಇಲ್ಲ. ಭಾರ, ಗಾಳಿ, ಬಿದಿರಿನ ಬಳುಕು ಎಲ್ಲ ಥೇಟ್ ನಿಜದಂತೆಯೇ ಕೆಲಸ ಮಾಡುತ್ತವೆ. ನನ್ನ ಮೊದಲ ಸೇತುವೆ ಮೊದಲ ಎಮ್ಮೆಯ ಮುಂಗಾಲಿಗೇ ಮುರಿಯಿತು. ಎಮ್ಮೆ ನೀರಿಗೆ ಬಿದ್ದಿತು. ಆಟ ಮಾಡಿದವರು ದಯಾವಂತರು, ಎಮ್ಮೆಗೆ ಏನೂ ಆಗುವುದಿಲ್ಲ. ತಲೆಯೊಂದನ್ನು ನೀರಿನ ಮೇಲೆ ಇಟ್ಟುಕೊಂಡು ನಮ್ಮನ್ನು ನೋಡುತ್ತದೆ ಅಷ್ಟೆ. ಆ ನೋಟದಲ್ಲಿ ಸಿಟ್ಟಿಲ್ಲ, ಬೈಗುಳವಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮಾಡಿದ ಮೊದಲ ಹೋಳಿಗೆಯನ್ನು ನಮ್ಮ ಅತ್ತೆ ಸಿಂದಗಿಯ ಅಡುಗೆಮನೆಯಲ್ಲಿ ಹೀಗೇ ನೋಡಿದ್ದರು.

ಅತ್ತೆಯ ನೋಟವನ್ನು ಗೆದ್ದ ನನಗೆ ಎಮ್ಮೆಯ ನೋಟ ಯಾವ ಲೆಕ್ಕ? ಹಠ ಹಿಡಿದೆ. ಬಿದಿರನ್ನು ಚೌಕ ಚೌಕವಾಗಿ ಜೋಡಿಸಿದರೆ ಅದು ಮೊದಲು ವಾಲುತ್ತದೆ, ಆಮೇಲೆ ಮಲಗುತ್ತದೆ ಎಂಬುದು ಗೊತ್ತಾಯಿತು. ಚೌಕದ ನಡುವೆ ಅಡ್ಡ ಗಳ ಹಾಕಿ ತ್ರಿಕೋನ ಮಾಡಿದರೆ ಎಂಥ ಎಮ್ಮೆ ಬಂದರೂ ಜಪ್ಪಯ್ಯ ಅನ್ನುವುದಿಲ್ಲ ಎಂಬುದೂ ಗೊತ್ತಾಯಿತು. ಇದನ್ನು ಕಂಡುಹಿಡಿದ ದಿನ ನಾನು ಎಷ್ಟು ಮೈಮರೆತಿದ್ದೆನೆಂದರೆ ಅಮೀರ್‌ಪೇಟೆ ದಾಟಿ ಎಲ್ಲಿಗೋ ಹೋಗಿಬಿಟ್ಟಿದ್ದೆ. ಇದು ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ ಎಂದು ಮಗಳು ಆಮೇಲೆ ಹೇಳಿದಳು. ಗೊತ್ತಿರುವುದು ಬೇರೆ, ಎಮ್ಮೆ ದಾಟಿಸುವುದು ಬೇರೆ.

ರೈಲಿನಲ್ಲಿ ನನಗೊಂದು ಸಣ್ಣ ಅಭಿಮಾನಿ ಬಳಗವೂ ಹುಟ್ಟಿಕೊಂಡಿತು. ನಿಂತವರಿಗೆ ನೋಡಲು ಬೇರೇನೂ ಇರುವುದಿಲ್ಲವಲ್ಲ, ಕೂತವರ ಫೋನು ನೋಡುತ್ತಾರೆ. "ಆಂಟಿ, ಉಧರ್ ಏಕ್ ಲಕ್ಡಿ ಹೋನಾ" ಎಂದು ತಲೆಯ ಮೇಲಿಂದ ಒಂದು ದನಿ ಬರುತ್ತಿತ್ತು. ಅಲ್ಲಿ ಇನ್ನೊಂದು ಗಳ ಬೇಕು ಎಂಬ ಸಲಹೆ. ನಾನು ತಲೆಯೆತ್ತದೆ "ನಕ್ಕೋ" ಎನ್ನುತ್ತಿದ್ದೆ. ಸಲಹೆ ಕೊಡುವವಳಿಗೆ ಸಲಹೆ ತೆಗೆದುಕೊಳ್ಳುವ ಅಭ್ಯಾಸ ಇರುವುದಿಲ್ಲ.

ಮನೆಯಲ್ಲಿ ಇದರ ಪರಿಣಾಮ ಕಾಣತೊಡಗಿತು. ಬಟ್ಟೆ ಒಣಹಾಕುವ ಸ್ಟ್ಯಾಂಡು ಬಹಳ ದಿನದಿಂದ ಓಲಾಡುತ್ತಿತ್ತು. ಅದಕ್ಕೆ ಪೊರಕೆಯ ಹಿಡಿಯನ್ನು ಅಡ್ಡ ಕಟ್ಟಿ ತ್ರಿಕೋನ ಮಾಡಿದೆ. ಅಡುಗೆಮನೆಯ ಡಬ್ಬಿಗಳನ್ನು ಭಾರದ ಲೆಕ್ಕದಲ್ಲಿ ಮರುಜೋಡಿಸಿದೆ. ನಮ್ಮವರಿಗೆ ಕೂಕಟ್‌ಪಲ್ಲಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ, ಸುಟ್ಟುಹೋದ ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವ ಕೆಲಸ. ದಿನವಿಡೀ ತಂತಿ ಸುತ್ತಿ ಮನೆಗೆ ಬಂದವರಿಗೆ ನಾನು ಚಹಾಕ್ಕಿಂತ ಮೊದಲು ಆ ದಿನ ಕಟ್ಟಿದ ಸೇತುವೆ ತೋರಿಸುತ್ತಿದ್ದೆ. ಒಮ್ಮೆ ಅವರು ಬಹಳ ಸಮಾಧಾನದಿಂದ, "ಎಮ್ಮಿ ದಾಟ್ಸಿದ್ದು ಸಾಕು. ಅಡಗಿಮನಿಯಿಂದ ಇಲ್ಲೀತನಕಾ ಒಂದ್ ಕಪ್ ಚಾ ದಾಟ್ಸು" ಎಂದರು. ನಾನು ದಾಟಿಸಿದೆ. ದಾರಿಯಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ ಎಂಬುದನ್ನು ಗಮನಕ್ಕೆ ತಂದೆ.

ಇಂಥ ಏರುಕಾಲದಲ್ಲಿ ದಸರೆ ಬಂದಿತು. ತೆಲಂಗಾಣದಲ್ಲಿ ದಸರೆಯೆಂದರೆ ಬತುಕಮ್ಮ. ನೋಡದವರಿಗಾಗಿ ಹೇಳುತ್ತೇನೆ: ಒಂದು ದೊಡ್ಡ ತಟ್ಟೆಯ ಮೇಲೆ ತಂಗಡಿ, ಚೆಂಡು ಹೂವು, ಬಣ್ಣ ಅದ್ದಿದ ಗುನುಗು ಹೂವು ಇವನ್ನು ಸುತ್ತು ಸುತ್ತಾಗಿ, ಮೇಲೆ ಹೋದಂತೆ ಕಿರಿದಾಗುತ್ತ, ಗೋಪುರದ ಹಾಗೆ ಪೇರಿಸುತ್ತಾರೆ. ತುದಿಯಲ್ಲಿ ಅರಿಸಿನದ ಗೌರಮ್ಮನನ್ನು ಕೂರಿಸುತ್ತಾರೆ. ಹೆಂಗಸರು ಅದರ ಸುತ್ತ ಚಪ್ಪಾಳೆ ತಟ್ಟಿ ಹಾಡುತ್ತ ತಿರುಗುತ್ತಾರೆ. ಕೊನೆಯ ದಿನ ದೊಡ್ಡ ಬತುಕಮ್ಮ ಮಾಡಿ, ಸಂಜೆ ಕೆರೆಗೆ ಒಯ್ದು ನೀರಿಗೆ ಬಿಡುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬ್ಲಾಕಿಗೊಂದು ದೊಡ್ಡ ಬತುಕಮ್ಮ. ನಾವು ಎ ಬ್ಲಾಕಿನವರು. ಇಷ್ಟು ವರ್ಷ ಇಲ್ಲಿದ್ದರೂ ಈ ಹಬ್ಬದಲ್ಲಿ ನನ್ನ ಪಾತ್ರ ಹೂವಿನ ತೊಟ್ಟು ಕತ್ತರಿಸುವುದು, ಕೊನೆಗೆ ಪ್ರಸಾದ ತಿನ್ನುವುದು. ರೊಟ್ಟಿ ಬೆಲ್ಲ ಕುಟ್ಟಿ ಮಾಡುವ ಇವರ ಮಲೀದಾ ನಮ್ಮ ಮಾದ್ಲಿಯ ತಂಗಿ. ತಿನ್ನುವುದರಲ್ಲಿ ನನಗೆ ಪರಕೀಯತೆ ಎಂದೂ ಕಾಡಿಲ್ಲ. ಆದರೂ "ಕರ್ನಾಟಕ ಆಂಟಿ" ಎಂದೇ ಎಲ್ಲರೂ ಕರೆಯುತ್ತಿದ್ದರು. ತೊಟ್ಟು ಕತ್ತರಿಸುತ್ತ ಕೂತವಳಿಗೆ ಅದು ಸ್ವಲ್ಪ ಚುಚ್ಚುತ್ತಿತ್ತು ಎಂದರೆ ಸುಳ್ಳಲ್ಲ.

ಎ ಬ್ಲಾಕಿನ ಬತುಕಮ್ಮ ಪ್ರತಿ ವರ್ಷ ಸ್ವರೂಪಾರಾಣಿಯವರ ಕೈಯಿಂದಲೇ ಆಗಬೇಕು. ಇವರು ನಮ್ಮ ಎದುರು ಮನೆಯವರು, ಕಂದಾಯ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅವರ ತೆಲುಗನ್ನು ನಾನು ಇಲ್ಲಿ ಕನ್ನಡಕ್ಕೆ ಇಳಿಸಿ ಹೇಳುತ್ತೇನೆ, ಆದರೆ ಆ ದನಿ ಇಳಿಯುವುದಿಲ್ಲ. ಅವರು "ಸಕ್ಕರೆ ಇದೆಯಾ" ಎಂದು ಕೇಳಿದರೂ ಎದುರಿದ್ದವರಿಗೆ ತಮ್ಮ ಜಮೀನಿನ ಕಾಗದಪತ್ರ ಸರಿಯಿದೆಯೇ ಎಂಬ ಭಯ ಹುಟ್ಟುತ್ತದೆ. ಆ ವರ್ಷ ಹಬ್ಬಕ್ಕೆ ಸ್ವಲ್ಪ ಮುಂಚೆ ಅವರು ಪಾರ್ಕಿಂಗಿನ ಇಳಿಜಾರಿನಲ್ಲಿ ಜಾರಿ ಬಲಗೈ ಮುರಿದುಕೊಂಡರು. ಕ್ಲಬ್‌ಹೌಸಿನಲ್ಲಿ ಹೆಂಗಸರ ಸಭೆ ಸೇರಿತು. ದೊಡ್ಡ ಬತುಕಮ್ಮ ಯಾರು ಮಾಡುತ್ತಾರೆ ಎಂದು ಸ್ವರೂಪಾರಾಣಿ ಕೇಳಿದರು. ಎಲ್ಲರೂ ನೆಲ ನೋಡಿದರು. ಯಾಕೆಂದರೆ ಹೋದ ವರ್ಷ ನಮ್ಮ ಬತುಕಮ್ಮ ಕೆರೆಯ ದಾರಿಯಲ್ಲಿ ವಾಲಿ, ಟ್ರಾಲಿ ಆಟೋದಲ್ಲೇ ಮಲಗಿಬಿಟ್ಟಿತ್ತು. ಸಿ ಬ್ಲಾಕಿನ ಪದ್ಮಜಾ ಅದನ್ನು ನೋಡಿ "ದಣಿದಿರಬೇಕು ಪಾಪ" ಎಂದಿದ್ದಳು. ಆ ಮಾತು ಎ ಬ್ಲಾಕಿನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

"ನಾನು ಮಾಡ್ತೀನಿ" ಎಂದೆ.

ಸ್ವರೂಪಾರಾಣಿ ನಿಧಾನವಾಗಿ ನನ್ನ ಕಡೆ ತಿರುಗಿ, "ಮೀರಾ?" ಎಂದರು. ನೀವಾ ಎಂದು ಕೇಳಲು ತೆಲುಗಿನಲ್ಲಿ ಎರಡೇ ಅಕ್ಷರ ಸಾಕು. ಆ ಎರಡು ಅಕ್ಷರದಲ್ಲಿ ನನ್ನ ಊರು, ಕುಲ, ವಿದ್ಯಾಭ್ಯಾಸ ಎಲ್ಲದರ ಬಗ್ಗೆ ಸಂಶಯವಿತ್ತು.

"ನಾನೇ. ಈ ಸಲ ಬೀಳೋದಿಲ್ಲ" ಎಂದೆ.

ಮರುದಿನ ನಮ್ಮ ಮನೆಯ ಹಾಲಿನಲ್ಲಿ ಕೆಲಸ ಶುರುವಾಯಿತು. ಸ್ವರೂಪಾರಾಣಿ ಕೈಗೆ ಜೋಳಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತರು. ಪದ್ಧತಿಯೇನೆಂದರೆ ತಟ್ಟೆಯಲ್ಲಿ ಎಲೆ ಹಾಸಿ, ಸುತ್ತಲೂ ಹೂವಿಟ್ಟು, ನಡುವೆ ಎಲೆ ಕಡ್ಡಿ ತುಂಬಿ ಒತ್ತುತ್ತ ಮೇಲೇಳುವುದು. ನಾನು ಕೇಳಿದೆ, "ಒಳಗೆ ಬರೀ ಎಲೆಯಾ? ಹೆಂಗ ನಿಲ್ತದ?"

"ನಿಲ್ಲುತ್ತದೆ."

"ಯಾಕ ನಿಲ್ತದ ಅಂತ?"

"ನಮ್ಮಮ್ಮ ಮಾಡಿದಾಗಲೂ ನಿಲ್ಲುತ್ತಿತ್ತು."

ಇದು ಎಂಜಿನಿಯರಿಂಗ್ ಉತ್ತರವಲ್ಲ. ನಾನು ಫೋನು ತೆಗೆದು ನನ್ನ ಅತ್ಯುತ್ತಮ ಸೇತುವೆಯನ್ನು ಅವರಿಗೆ ತೋರಿಸಿದೆ. ಎಮ್ಮೆಗಳು ಸಾಲಾಗಿ ಗಾಂಭೀರ್ಯದಿಂದ ದಾಟಿದವು. ಸ್ವರೂಪಾರಾಣಿ ಕನ್ನಡಕ ಏರಿಸಿ ನೋಡಿದರು. ಒಳಗೆ ಬಿದಿರಿನ ಸೀಳುಗಳಿಂದ ಹೀಗೇ ತ್ರಿಕೋನಗಳ ಚೌಕಟ್ಟು ಮಾಡಿ, ಹೊರಗಿನಿಂದ ಹೂವು ಕಟ್ಟೋಣ ಎಂದೆ. ಹಾಗೆ ಮಾಡುವ ಪದ್ಧತಿ ಇಲ್ಲ, ಮಾಡಕೂಡದು ಎಂದು ಅವರು ಹೇಳಬೇಕಿತ್ತು. ನಾನು ವಾದಕ್ಕೆ ಸಿದ್ಧಳಾಗಿಯೇ ಕೂತಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ದನಿ ತಗ್ಗಿಸಿ ಕೇಳಿದರು, "ಸಿ ಬ್ಲಾಕಿಗಿಂತ ಎತ್ತರ ಆಗುತ್ತದಾ?"

"ಎಷ್ಟು ಬೇಕೋ ಅಷ್ಟು."

"ಸರಿ. ಕಟ್ಟಿ" ಎಂದರು. ಮಂಜೂರಾತಿ ಸಿಕ್ಕಿತು.

ನಮ್ಮವರಿಗೆ ಸುದ್ದಿ ಹೇಳಿದಾಗ ಅವರು ಮೊದಲು ನಕ್ಕರು. ಆಮೇಲೆ ಚೌಕಟ್ಟಿನ ಚಿತ್ರ ನೋಡಿ ಅವರಿಗೂ ಕೈ ತುರಿಸತೊಡಗಿತು. ಗಂಡಸರ ಸ್ವಭಾವವೇ ಅದು. ಹೆಂಗಸರ ಕೆಲಸ ಎಂದರೆ ದೂರ ಇರುತ್ತಾರೆ, ಅದರಲ್ಲಿ ತಂತಿ ಇದೆ ಎಂದರೆ ಬಂದು ಕೂರುತ್ತಾರೆ. "ದಾರ ಗೀರ ನಡಿಯೂದಿಲ್ಲ. ತಾಮ್ರದ ತಂತಿ ತರ್ತೀನಿ, ಮೋಟಾರಿಗೆ ಸುತ್ತೂದು. ಒಮ್ಮಿ ಕಟ್ಟಿದ್ರ ಕಟ್ಟಿದಂಗ" ಎಂದರು. ತಂದರು. ಅದರ ಜೊತೆಗೆ ಅಂಗಡಿಯಲ್ಲಿ ಪಂಪು ಪ್ಯಾಕಿಂಗ್ ಮಾಡಿ ಬಂದಿದ್ದ ದಪ್ಪ ದಪ್ಪ ಥರ್ಮಕೋಲ್ ಹಲಗೆಗಳನ್ನೂ ತಂದರು. "ತಳಕ್ಕ ಇದ ಹಾಕು. ಭಾರ ಇರೂದಿಲ್ಲ, ಚುಚ್ಚಿದ್ರ ಕಡ್ಡಿ ಅಲುಗಾಡೂದಿಲ್ಲ." ನಾನು ಒಪ್ಪಿದೆ. ಈಗ ಹಿಂತಿರುಗಿ ನೋಡಿದರೆ ಆ ಥರ್ಮಕೋಲು ಅವರ ಯೋಚನೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಹಾಗೆ ಹಲವು ಸಲ ಹೇಳಿಯೂ ಇದ್ದೇನೆ.

ಚೌಕಟ್ಟು ಎದ್ದು ನಿಂತಿತು. ನನ್ನ ಭುಜದ ಎತ್ತರ. ಪರೀಕ್ಷೆ ಬೇಡವೇ? ತುದಿಯ ಮೇಲೆ ಕುಕ್ಕರ್ ಇಟ್ಟೆ. ಬಗ್ಗಲಿಲ್ಲ. ಕುಕ್ಕರಿಗೆ ನೀರು ತುಂಬಿಸಿ ಇಟ್ಟೆ. ಆಗಲೂ ಬಗ್ಗಲಿಲ್ಲ. ಸ್ವರೂಪಾರಾಣಿ ತಮ್ಮ ಒಳ್ಳೆಯ ಕೈಯಿಂದ ಅದನ್ನು ಜೋರಾಗಿ ತಳ್ಳಿ ನೋಡಿದರು. ಅವರ ಕುರ್ಚಿ ಹಿಂದೆ ಸರಿಯಿತು, ಚೌಕಟ್ಟು ಸರಿಯಲಿಲ್ಲ. ಅವರ ಮುಖದಲ್ಲಿ ನಾನು ಮೊದಲ ಬಾರಿಗೆ ನನ್ನ ಬಗ್ಗೆ ಗೌರವ ಕಂಡೆ. ಬ್ಲಾಕಿನ ಹೆಂಗಸರೆಲ್ಲ ಕೂತು ಹೂವು ಕಟ್ಟಿದರು. ಅರಿಸಿನ, ಕೆಂಪು, ಬಿಳಿ, ನೇರಳೆ ಸುತ್ತುಗಳು ಒಂದರ ಮೇಲೊಂದು ಏರಿದವು. ಸ್ವರೂಪಾರಾಣಿ ಎಡಗೈಯಲ್ಲೇ ಗೌರಮ್ಮನನ್ನು ಮಾಡಿ ತುದಿಯಲ್ಲಿ ಕೂರಿಸಿದರು. ನಿಜಕ್ಕೂ ಚೆಲುವಾಗಿತ್ತು. ಮಗಳಿಗೆ ಫೋಟೋ ಕಳಿಸಿದೆ. "ಅವ್ವಾ, ಇದನ್ನ ನೀ ಕಟ್ಟಿದಿ?" ಎಂದು ಕೇಳಿದಳು. ಅವಳ ಪ್ರಶ್ನೆಯಲ್ಲೂ ಸ್ವಲ್ಪ "ಮೀರಾ" ಇತ್ತು, ಆದರೆ ನಾನು ಗಮನಿಸದವಳಂತೆ ಇದ್ದೆ.

ಕೊನೆಯ ದಿನ ಅಂಗಳದಲ್ಲಿ ಎಲ್ಲ ಬ್ಲಾಕಿನ ಬತುಕಮ್ಮಗಳನ್ನು ಸಾಲಾಗಿ ಇಟ್ಟಾಗ ನಮ್ಮದು ಉಳಿದೆಲ್ಲದರ ತಲೆ ಮೇಲೆ ಎದ್ದು ಕಾಣುತ್ತಿತ್ತು. ಪದ್ಮಜಾ ಬಂದು ಸುತ್ತಲೂ ಒಮ್ಮೆ ತಿರುಗಿ ನೋಡಿದಳು. "ದಾರಿಯಲ್ಲಿ ಹುಷಾರು" ಎಂದಷ್ಟೇ ಹೇಳಿದಳು. ನಾನು ಆ ಸಂಜೆ ಸುತ್ತುವ ಹೆಜ್ಜೆ ಗೊತ್ತಿಲ್ಲದಿದ್ದರೂ ಒಳಸುತ್ತಿನಲ್ಲೇ ನಿಂತು ತಿರುಗಿದೆ. ಎಲ್ಲರೂ ಬಗ್ಗಿದಾಗ ಎದ್ದೆ, ಎದ್ದಾಗ ಬಗ್ಗಿದೆ. ಕಟ್ಟಿದವಳು ಎಂಬ ಕಾರಣಕ್ಕೆ ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಮೆರವಣಿಗೆ. ಬತುಕಮ್ಮಗಳನ್ನು ಟ್ರಾಲಿ ಆಟೋಗಳಲ್ಲಿ ಏರಿಸಿ ಕೆರೆಯ ಕಡೆ ಹೊರಟೆವು. ಗೇಟು ದಾಟಿದ ಕೂಡಲೇ ದೊಡ್ಡ ಸ್ಪೀಡ್‌ಬ್ರೇಕರ್ ಇದೆ, ಹೋದ ವರ್ಷ ನಮ್ಮದು ವಾಲಿದ್ದು ಅಲ್ಲೇ. ನಮ್ಮ ಆಟೋ ಅದರ ಮೇಲೆ ಎಗರಿ ಬಿದ್ದಿತು. ಒಂದು ಎಸಳೂ ಉದುರಲಿಲ್ಲ. ಹಿಂದೆ ಬಂದ ಸಿ ಬ್ಲಾಕಿನ ಆಟೋ ಎಗರಿದಾಗ ಅವರ ಬತುಕಮ್ಮನ ಮೇಲಿನ ಎರಡು ಸುತ್ತು ಪದ್ಮಜಾಳ ಮಡಿಲಿಗೆ ಬಂದು ಕೂತವು. ಸ್ವರೂಪಾರಾಣಿ ನನ್ನ ಕೈ ಹಿಡಿದು ಒತ್ತಿದರು. ಮುರಿದ ಕೈಯಿಂದಲೇ ಒತ್ತಿದರು ಎಂಬುದರಿಂದ ಆ ಸಂತೋಷ ಎಷ್ಟಿತ್ತು ಎಂದು ನೀವು ಊಹಿಸಬಹುದು.

ಕೆರೆಯ ಪಕ್ಕದಲ್ಲಿ ಬತುಕಮ್ಮ ಬಿಡಲೆಂದೇ ಕಟ್ಟಿದ ಸಣ್ಣ ಕೊಳವಿದೆ. ಮೊಣಕಾಲಿಗಿಂತ ಸ್ವಲ್ಪ ಮೇಲೆ ನೀರು. ಎತ್ತರದ ಬತುಕಮ್ಮ ನಮ್ಮದಾದ್ದರಿಂದ ಮೊದಲ ಮರ್ಯಾದೆ ನಮಗೇ ಎಂದು ಎಲ್ಲರೂ ಹೇಳಿದರು. ದೀಪ ಬೆಳಗಿ, ಹಾಡಿ, ಕೈಮುಗಿದು, ನಾಲ್ಕು ಜನ ಹಿಡಿದು ನೀರಿಗೆ ಬಿಟ್ಟೆವು. ಅದು ಗಂಭೀರವಾಗಿ ತೇಲುತ್ತ ಕೊಳದ ನಡುವೆ ಹೋಗಿ ನಿಂತಿತು. ನಾವು ಕಾದೆವು. ಸಾಮಾನ್ಯವಾಗಿ ನೀರು ಒಳಗೆ ಇಳಿದು, ಎಲೆ ಸಡಿಲಾಗಿ, ಹೂವು ಬಿಡಿಬಿಡಿಯಾಗಿ ಹರಡಿ ಹೋಗುತ್ತದೆ. ನಮ್ಮದು ನಿಂತೇ ಇತ್ತು. ಗಾಳಿ ಬಂದಾಗ ಒಂದು ಸುತ್ತು ತಿರುಗಿ ಎಲ್ಲ ದಿಕ್ಕಿನವರಿಗೂ ದರ್ಶನ ಕೊಟ್ಟಿತು. ಹಿಂದೆ ಸರದಿ ಬೆಳೆಯಿತು. ನಮ್ಮ ಬಡಾವಣೆಯವರೆಲ್ಲ ತಂತಮ್ಮ ಬತುಕಮ್ಮ ಹಿಡಿದು ನಿಂತಿದ್ದಾರೆ, ನಡುವೆ ನಮ್ಮದು ಜಾಗ ಬಿಡುತ್ತಿಲ್ಲ. ಕೊಳದ ಕಾವಲಿನವನು ಉದ್ದದ ಕೋಲು ತಂದು ಒತ್ತಿದ. ಒಂದು ಕಡೆ ಬಗ್ಗಿ, ಕೋಲು ತೆಗೆದ ಕೂಡಲೇ ಜಿಗಿದು ಮತ್ತೆ ನೆಟ್ಟಗೆ ನಿಂತಿತು. ಅವನು ಇನ್ನೂ ಜೋರಾಗಿ ಒತ್ತಿದ, ಅದು ಇನ್ನೂ ಜೋರಾಗಿ ಜಿಗಿಯಿತು. "ಅಮ್ಮಾ, ಇದಿ ಮುನಗದು" ಎಂದು ಕೋಲು ಕೆಳಗಿಟ್ಟ. ಇದು ಮುಳುಗುವುದಿಲ್ಲ.

ನನಗೆ ಆಗ ಹೊಳೆಯಿತು. ಆ ಆಟದಲ್ಲಿ ಕೊನೆಯ ಎಮ್ಮೆ ದಾಟಿದ ಕೂಡಲೇ ಗಂಟೆ ಬಾರಿಸುತ್ತದೆ, ಮುಂದಿನ ಹೊಳೆ ಬರುತ್ತದೆ. ಕಟ್ಟಿದ ಸೇತುವೆಯನ್ನು ಆಮೇಲೆ ಏನು ಮಾಡುವುದು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ಸ್ವರೂಪಾರಾಣಿಯೂ ಕೇಳಿರಲಿಲ್ಲ, ಜನ್ಮವಿಡೀ ನೀರಿನ ಪಂಪುಗಳ ನಡುವೆ ಬದುಕಿದ ನಮ್ಮವರಿಗೂ ನೀರಿನ ನೆನಪಾಗಿರಲಿಲ್ಲ. ಬೀಳಬಾರದು ಎಂದು ಕಟ್ಟಿದ್ದೆವು. ಅದು ಕೊಟ್ಟ ಮಾತನ್ನು ನಡೆಸುತ್ತಿತ್ತು.

ಅಷ್ಟರಲ್ಲಿ ಸರದಿಯಲ್ಲಿದ್ದ ಒಬ್ಬ ಅಜ್ಜಿ ಕೈಮುಗಿದು, "ಅಮ್ಮಕು ಪೋವಾಲನಿ ಲೇದು" ಎಂದಳು. ತಾಯಿಗೆ ಹೋಗಲು ಮನಸ್ಸಿಲ್ಲವಂತೆ. ಆ ಮಾತು ಬೆಂಕಿಯ ಹಾಗೆ ಹಬ್ಬಿತು. ಹಿಂದಿದ್ದವರು ಮುಂದೆ ನುಗ್ಗಿದರು. ಫೋನುಗಳು ಮೇಲೆದ್ದವು. ಯಾರೋ ಕರ್ಪೂರ ಹಚ್ಚಿದರು, ಯಾರೋ ತೆಂಗಿನಕಾಯಿ ಒಡೆದರು. ಎ ಬ್ಲಾಕಿನವರ ಮೇಲೆ ತಾಯಿಯ ದಯೆ ಎಂದು ಪದ್ಮಜಾಳೇ ಕಣ್ಣೊರೆಸಿಕೊಂಡಳು. ಮೆಚ್ಚುಗೆ ನನಗೆ ಬೇಕಿತ್ತು, ನಿಜ. ಆದರೆ ಅದು ತ್ರಿಕೋನಕ್ಕೆ ಸಲ್ಲಬೇಕಿತ್ತೇ ಹೊರತು ಪಂಪಿನ ಪ್ಯಾಕಿಂಗಿಗೆ ದೇವರ ಹೆಸರಲ್ಲಿ ಸಲ್ಲಬಾರದಿತ್ತು. ಅಜ್ಜಿ ನನ್ನ ಪಾದ ಮುಟ್ಟಲು ಬಂದಾಗ ನನಗೆ ತಡೆಯಲಾಗಲಿಲ್ಲ. ಹಿಂದೆ ಸರಿದು ನಮ್ಮವರನ್ನು ಹುಡುಕಿದೆ. ಅವರು ಸ್ಕೂಟರಿನ ಪಕ್ಕ, ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ನಿಂತಿದ್ದರು.

"ಕಟಿಂಗ್ ಪ್ಲೈಯರ್ ಐತೇನ್ರಿ?" ಎಂದೆ.

"ಡಿಕ್ಕಿಯಾಗ ಐತಿ. ಆದ್ರ ಇಷ್ಟ ಮಂದಿ ಮುಂದ ದೇವರನ್ನ ಕತ್ತರಸ್ತಿ?"

"ಕೊಡ್ರಿ."

ಸೀರೆ ಎತ್ತಿ ಕಟ್ಟಿ, ಪ್ಲೈಯರ್ ಹಿಡಿದು ನೀರಿಗೆ ಇಳಿದೆ. ದಂಡೆಯ ಮೇಲೆ ಗದ್ದಲ. "ಏನು ಮಾಡುತ್ತಿದ್ದಾಳೆ, ತಡೆಯಿರಿ" ಎಂದು ಹಲವರು ಕೂಗಿದರು. ನಾನು ಕೊಳದ ನಡುವೆ ನಿಂತು, ನನ್ನ ಹರಕುಮುರುಕು ತೆಲುಗಿನಲ್ಲಿ, ಇದು ಮಹಿಮೆಯಲ್ಲ, ಥರ್ಮಕೋಲು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ದಂಡೆಯಿಂದ ಆ ದನಿ ಮೊಳಗಿತು.

"ಎಲ್ಲರೂ ಸುಮ್ಮನಿರಿ" ಎಂದರು ಸ್ವರೂಪಾರಾಣಿ. ಜೋಳಿಗೆಯಲ್ಲಿದ್ದ ಕೈಯನ್ನೇ ಎತ್ತಿ ಜನರನ್ನು ತಡೆದಿದ್ದರು. "ಈ ಅಮ್ಮ ಕರ್ನಾಟಕದವರು. ಅವರ ಸಂಪ್ರದಾಯದಲ್ಲಿ ಬತುಕಮ್ಮ ತಾನಾಗಿ ಹೋಗುವುದಿಲ್ಲ. ಕಟ್ಟಿದವಳೇ ನೀರಿಗಿಳಿದು, ಗಂಟು ಬಿಚ್ಚಿ, ಹೋಗಿ ಬಾ ತಾಯಿ ಎಂದು ಬೀಳ್ಕೊಡಬೇಕು. ಅದು ಮುಗಿಯುವವರೆಗೆ ಯಾರೂ ಮಾತಾಡಕೂಡದು."

ಸರ್ಕಾರಿ ಆದೇಶವನ್ನು ಓದಿದಷ್ಟು ಸ್ಪಷ್ಟವಾಗಿ ಸುಳ್ಳು ಹೇಳುವುದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಗೌರಮ್ಮನನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ. ತಂತಿ ಕತ್ತರಿಸತೊಡಗಿದೆ. ನಮ್ಮವರ ಗಂಟು ಸುಲಭಕ್ಕೆ ಬಿಡುವಂಥದ್ದಲ್ಲ. ಒಂದೊಂದು ಗಂಟಿಗೂ ನಾನು ಹಲ್ಲು ಕಚ್ಚಿ ಗೊಣಗುತ್ತಿದ್ದೆ, ದಂಡೆಯವರು ಅದನ್ನು ಮಂತ್ರ ಎಂದುಕೊಂಡು ಕಣ್ಣು ಮುಚ್ಚುತ್ತಿದ್ದರು. ಹೂವಿನ ಸುತ್ತುಗಳು ಒಂದೊಂದಾಗಿ ಬಿಚ್ಚಿ ನೀರಿನ ಮೇಲೆ ಹರಡಿದವು. ಅರಿಸಿನ, ಕೆಂಪು, ನೇರಳೆ ಎಲ್ಲ ನನ್ನ ಕಾಲ ಸುತ್ತ ತೇಲತೊಡಗಿದವು. ಅಷ್ಟು ಹೂವಿನ ನಡುವೆ ನಿಂತು ಹೋಗಿ ಬಾ ತಾಯಿ ಎಂದು ನಿಜವಾಗಿಯೇ ಅಂದೆ. ಬಿದಿರು ಮತ್ತು ಥರ್ಮಕೋಲನ್ನು ಕಾವಲಿನವನು ಆಚೆ ದಂಡೆಯಲ್ಲಿ ಇಸಿದುಕೊಂಡು ಮೂಟೆ ಕಟ್ಟಿ ನಮ್ಮವರ ಸ್ಕೂಟರಿನ ಮೇಲಿಟ್ಟ. ಅವನಿಗೆ ಎಲ್ಲ ಅರ್ಥವಾಗಿತ್ತು, ಒಳ್ಳೆಯವನು, ಏನೂ ಅನ್ನಲಿಲ್ಲ. ನೀರಿನಿಂದ ಮೇಲೆ ಬಂದ ನನಗೆ ಅಜ್ಜಿ ತನ್ನ ಸೆರಗಿನಿಂದ ಕೈ ಒರೆಸಿ, ಬಾಯಿಗೆ ಮಲೀದಾ ಹಾಕಿದಳು.

ಆಟೋದಲ್ಲಿ ಹಿಂದಿರುಗುವಾಗ, "ಅಂಥ ಸಂಪ್ರದಾಯ ನಮ್ಮಲ್ಲಿ ಇಲ್ರೀ" ಎಂದು ಸ್ವರೂಪಾರಾಣಿಗೆ ಮೆಲ್ಲಗೆ ಹೇಳಿದೆ.

"ಈಗ ಇದೆ" ಎಂದರು ಅವರು.

ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಮರುವರ್ಷ ಅವರ ಕೈ ವಾಸಿಯಾಗಿತ್ತು. ಎ ಬ್ಲಾಕಿನ ಬತುಕಮ್ಮನನ್ನು ಅವರೇ ಎಲೆ ಕಡ್ಡಿ ತುಂಬಿ ತಮ್ಮ ತಾಯಿಯ ಪದ್ಧತಿಯಲ್ಲೇ ಮಾಡಿದರು. ನಾನು ತೊಟ್ಟು ಕತ್ತರಿಸುತ್ತಿದ್ದೆ. ಸಂಜೆ ಹೊರಡುವ ಹೊತ್ತಿಗೆ ಪದ್ಮಜಾ ಇನ್ನೊಂದಿಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. "ನೀವು ನೀರಿಗೆ ಇಳಿದು ಗಂಟು ಬಿಚ್ಚದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಒಮ್ಮೆ ಶುರು ಮಾಡಿದ್ದನ್ನು ಬಿಡಬಾರದು" ಎಂದಳು. ಬರೀ ಹೂವಿನ ಬತುಕಮ್ಮನಲ್ಲಿ ಗಂಟು ಎಲ್ಲಿರುತ್ತದೆ? ಅದಕ್ಕಾಗಿ ಬಿ ಬ್ಲಾಕಿನವರು, ಸಿ ಬ್ಲಾಕಿನವರು ಎಲ್ಲರೂ ತಂತಮ್ಮ ಬತುಕಮ್ಮನಿಗೆ ಒಂದೊಂದು ಕೆಂಪು ದಾರ ಸುತ್ತಿ ತಂದಿದ್ದರು. ನಾನು ಇಳಿದೆ, ಎಲ್ಲರ ಗಂಟನ್ನೂ ಬಿಚ್ಚಿದೆ. ಪ್ಲೈಯರ್ ಬೇಕಾಗಲಿಲ್ಲ. ಈಗ ನನ್ನನ್ನು ಕರ್ನಾಟಕ ಆಂಟಿ ಎಂದು ಕರೆಯುವಾಗ ಅದಕ್ಕೊಂದು ತೂಕ ಬಂದಿದೆ. ಹೊಸದಾಗಿ ಬಂದ ಬಾಡಿಗೆಯವರು ಈ ಆಚರಣೆಯ ಅರ್ಥವೇನು ಎಂದು ಕೇಳುತ್ತಾರೆ, ನಾನು ವಿವರಿಸುತ್ತೇನೆ. ವಿವರಿಸಿದಷ್ಟೂ ಅರ್ಥ ಹೆಚ್ಚುತ್ತ ಹೋಗುತ್ತದೆ. ನಮ್ಮವರು ಮಾತ್ರ, "ಊರಿಗೆ ಹ್ವಾದಾಗ ಯಾರ ಮುಂದೂ ಇದನ್ನ ಹೇಳಬ್ಯಾಡ" ಎಂದು ಎಚ್ಚರಿಸಿದ್ದರು.

ನಾನು ಹೇಳಲಿಲ್ಲ. ಯಾರೋ ತೆಗೆದ ವಿಡಿಯೋ ಹೇಗೋ ಅಲೆದಾಡಿ ಮುದ್ದೇಬಿಹಾಳ ಮುಟ್ಟಿದೆ. ಮೊನ್ನೆ ತವರಿನಿಂದ ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಫೋನು ಬಂದಿತ್ತು. "ನಿನ್ನ ವಿಡಿಯೋ ನೋಡಿದ್ವಿ. ಭಾಳ ಛಲೋ ಆತು ನೋಡವಾ, ನಮ್ಮ ಪದ್ಧತಿ ಅಲ್ಲೀತನಕಾ ಉಳಿಸಿದಿ. ಹಿಂದ ನಮ್ಮ ಕಡೆ ಎಲ್ಲಾರೂ ಮಾಡ್ತಿದ್ರಂತ, ನಮ್ಮಜ್ಜಿ ಹೇಳ್ತಿದ್ಲು. ಈ ವರ್ಷ ನಮ್ಮ ಓಣ್ಯಾಗೂ ಹೆಣ್ಮಕ್ಕಳು ಶುರು ಮಾಡೂನು ಅನ್ನಾಕತ್ತಾರ. ಒಂದ್ ಮಾತು ಕೇಳೂದಿತ್ತು, ದಾರ ಕೆಂಪುದೇ ಆಗಬೇಕೋ, ಹಳದಿ ನಡೀತೈತೋ?"

ನಾನು ಒಂದು ಕ್ಷಣವೂ ತಡವರಿಸಲಿಲ್ಲ.

"ಕೆಂಪುದೇ ಆಗಬೇಕು ವೈನಿ. ಹಳದಿ ನಡಿಯೂದಿಲ್ಲ" ಎಂದೆ.